ಹಡಗು ಮುಳುಗಿದ ಮೇಲೆ ಕುಡಿಯೋ ನೀರಿಗೆ ಏನು ಮಾಡ್ತಿದ್ರು?

ಸಾಗರದ ಮೇಷ್ಟ್ರು:
ಎರಡನೇ ಮಹಾಯುದ್ಧದ ಸರಕು ಹಡಗಿನ ನಾವಿಕರ ಬಗ್ಗೆ ಹೈಸ್ಕೂಲಿನಲ್ಲಿ ಹೇಳಬೇಕಿದೆ. ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯೋ ಅಸ್ತ್ರ) ಬಿದ್ದು ಜೀವರಕ್ಷಕ ದೋಣಿ ಹತ್ತಿದವರೂ ಬಾಯಾರಿ ಸತ್ತರಂತೆ. ಮಲೆನಾಡಿನ ಮಕ್ಕಳು ಮೊದಲು ಕೇಳೋದೇ "ಮಳೆ ನೀರು ಹಿಡೀಬಹುದಿತ್ತಲ್ಲ ಸಾರ್?" ಅಂತ.

ಶರಾವತಿ ದಂಡೆ:
ಹಿಡೀತಿದ್ರು ಮೇಷ್ಟ್ರೇ, ಮಳೆ ಬಂದರೆ. ಬಂದಾಗಲೂ ಮಳೆ ಹಿಡಿಯೋ ಕ್ಯಾನ್ವಾಸ್ ಬಟ್ಟೆ ತುಂಬ ಅಲೆ ಸಿಡಿದು ಒಣಗಿದ ಉಪ್ಪು. ಮೊದಲ ನೀರಲ್ಲಿ ಅದನ್ನು ತೊಳೆದು ಚೆಲ್ಲಬೇಕು, ಮೊದಲ ಮಳೆಯ ಹಂಚಿನ ನೀರನ್ನು ನಾವು ತೊಟ್ಟಿಗೆ ಬಿಡಲ್ವಲ್ಲ, ಹಾಗೆ. ಸಣ್ಣ ಮಳೆ ಅಷ್ಟಕ್ಕೇ ಮುಗಿದುಹೋಗುತ್ತೆ.

ಹಾಗಂತ ಸಮುದ್ರದ ನೀರು ಕುಡಿಯೋ ಹಾಗೂ ಇಲ್ಲ. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೂತ್ರಪಿಂಡ ಅಷ್ಟು ಗಟ್ಟಿ ಉಪ್ಪುನೀರನ್ನು ಹೊರಹಾಕಲಾರದು. ಒಂದು ಲೀಟರ್ ಕುಡಿದರೆ ಆ ಉಪ್ಪು ಕಳೆಯೋಕೆ ಅದಕ್ಕಿಂತ ಹೆಚ್ಚು ನೀರು ಮೈಯಿಂದ ಹೋಗುತ್ತೆ. ಮೊದಲು ಭೇದಿ, ಆಮೇಲೆ ಭ್ರಮೆ. ದೋಣಿಯಲ್ಲಿ ಗಟ್ಟಿ ಬಿಸ್ಕತ್ತು, ಹಾಲಿನ ಮಾತ್ರೆ, ಚಾಕೊಲೇಟ್ ಇರ್ತಿತ್ತು. ಆದರೆ ಎಂಜಲೇ ಇಲ್ಲದ ಬಾಯಲ್ಲಿ ಬಿಸ್ಕತ್ತು ಇಳಿಯಲ್ಲ.

ಬ್ರಿಟಿಷ್ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ ಚೀನಾದ ನಾವಿಕ ಪೂನ್ ಲಿಮ್ ಅವರ ಬಗ್ಗೆ ಹೇಳಿ ಮಕ್ಕಳಿಗೆ. 1942ರ ನವೆಂಬರ್‌ನಲ್ಲಿ ಬೆನ್‌ಲೋಮಂಡ್ ಹಡಗು ಮುಳುಗಿದ ಮೇಲೆ ಅಟ್ಲಾಂಟಿಕ್‌ನಲ್ಲಿ ಒಬ್ಬರೇ 133 ದಿನ ತೆಪ್ಪದ ಮೇಲಿದ್ದರು. ಲೈಫ್ ಜಾಕೆಟ್ಟಿನ ಬಟ್ಟೆಯಲ್ಲಿ ಮಳೆ ಹಿಡಿದರು, ಟಾರ್ಚಿನ ತಂತಿ ಬಗ್ಗಿಸಿ ಗಾಳ ಮಾಡಿಕೊಂಡರು, ಹಲಗೆಯ ಮೊಳೆ ಕಿತ್ತು ದೊಡ್ಡ ಗಾಳ ಮಾಡಿದರು.

ಕೊಪ್ಪ ಕಡೆಯವ:
ನೀರಿನ ಮಾತು ದೋಣಿ ಹತ್ತಿದವರಿಗಾಯ್ತು. ಎಂಜಿನ್ ಕೋಣೆಯವರನ್ನು ದಯವಿಟ್ಟು ಬಿಡಬೇಡಿ. ಟಾರ್ಪಿಡೊ ಅಲ್ಲಿಗೆ ತಗುಲಿದರೆ ದೀಪ ಆರುತ್ತೆ, ಉಗಿ ಪೈಪು ಒಡೆಯುತ್ತೆ, ಮೇಲೆ ಬರೋಕೆ ಇರೋದು ಕಡಿದಾದ ಕಬ್ಬಿಣದ ಏಣಿ. ಬಾಯ್ಲರ್ ಬಿಸಿಗೆ ಬನಿಯನ್ನಲ್ಲಿ ಇದ್ದವರು ಹಾಗೇ ಉತ್ತರ ಅಟ್ಲಾಂಟಿಕ್‌ನ ಚಳಿಗೆ ಬೀಳ್ತಿದ್ರು. ಬ್ರಿಟಿಷ್ ಹಡಗುಗಳಲ್ಲಿ ಈ ಕೆಲಸಕ್ಕೆ ನಮ್ಮ ದೇಶದ ಲಸ್ಕರ್‌ಗಳೇ (ಬ್ರಿಟಿಷ್ ಹಡಗಿಗೆ ಕೆಲಸಕ್ಕೆ ಸೇರಿದ ನಾವಿಕರು) ಬಹಳ ಜನ. ಸಂಬಳ ಬಿಳಿಯರಿಗಿಂತ ಎಷ್ಟೋ ಕಡಿಮೆ. ಆ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು. ನಮ್ಮ ಪಾಠಗಳಲ್ಲಿ ಇವರ ಸುದ್ದಿಯೇ ಇಲ್ಲ ಅನ್ನೋದು ನನಗೆ ನೋವಿನ ವಿಷಯ.

ಸಾಗರದ ಮೇಷ್ಟ್ರು:
ಖಂಡಿತ ಸೇರಿಸ್ತೇನೆ. ದೋಣಿ ಇಳಿಸುವಾಗಲೇ ಮಗುಚಿ ಸತ್ತರು ಅಂತಾರಲ್ಲ, ಅದು ಹೇಗೆ?

ಶರಾವತಿ ದಂಡೆ:
ದೋಣಿ ಹಿಂದೆ ಮುಂದೆ ಎರಡು ಹಗ್ಗದಲ್ಲಿ ತೂಗುತ್ತೆ. ಏಟು ಬಿದ್ದರೂ ಹಡಗು ತಕ್ಷಣ ನಿಲ್ಲಲ್ಲ. ದೋಣಿ ನೀರು ಮುಟ್ಟಿದಾಗ ಹಿಂದಿನ ಕೊಕ್ಕೆ ಮೊದಲು ಬಿಡಿಸಬೇಕು. ಗಾಬರಿಯಲ್ಲಿ ಮುಂದಿನದು ಮೊದಲು ಬಿಟ್ಟರೆ ಮೂತಿ ಹೊರಕ್ಕೆ ತಿರುಗಿ, ದೋಣಿ ಅಡ್ಡಡ್ಡ ಎಳೆದುಕೊಂಡು ಹೋಗಿ ಮಗುಚುತ್ತೆ. ಹಡಗು ವಾಲಿದ್ದರೆ ಇನ್ನೂ ಕಷ್ಟ: ಎತ್ತರದ ಬದಿಯ ದೋಣಿ ಹಡಗಿನ ಮೈಗೆ ಉಜ್ಜಿ ಸಿಕ್ಕಿಕೊಳ್ಳುತ್ತೆ, ತಗ್ಗಿನ ಬದಿಯದು ಕೈಗೆ ಎಟುಕದಷ್ಟು ದೂರ ತೂಗುತ್ತೆ.