ಪದಚರ್ಚೆ: ‘ಗೋಲ್ಡನ್ ಅವರ್’ಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಉಡುಪಿಯಿಂದ:

ತುರ್ತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಒಂದು ಕುಟುಂಬ ಬಾಡಿಗೆ ಕಾರಿನಲ್ಲಿ ಸುತ್ತುತ್ತ ತೆಗೆದ 42 ಫೋಟೋಗಳ ಪ್ರದರ್ಶನ ಶನಿವಾರ ರಥಬೀದಿಯ ಹತ್ತಿರ ಶುರುವಾಗುತ್ತದೆ. ಅಂಥದೇ ಪ್ರವಾಸಕ್ಕೆ ಹೊರಡುವವರಿಗೆ ಫೋಟೋ ತೆಗೆಯುವ ಬಗ್ಗೆ ಎಂಟು ಪುಟದ ಕೈಪಿಡಿಯನ್ನೂ ಹಂಚುತ್ತಾರೆ. ಅದರ ಅನುವಾದ ನನ್ನ ಪಾಲಿನದು. ಒಳಪುಟ ಹೇಗೋ ಆಗುತ್ತದೆ, ಬೋರ್ಡಿನದ್ದೇ ಕಷ್ಟ. ಆರು ಅಡಿ ಅಗಲ, ಎರಡು ಅಡಿ ಎತ್ತರ, ಒಂದೇ ಸಾಲು. ನಾಳೆ ನಾಲ್ಕು ಗಂಟೆಗೆ ಅಕ್ಷರ ಕೊಡದಿದ್ದರೆ ಬರೆಯುವವರು ಬೇರೆ ಕೆಲಸ ಹಿಡಿಯುತ್ತಾರೆ.

ಪ್ರದರ್ಶನದ ಹೆಸರೇ ಗೋಲ್ಡನ್ ಅವರ್, ಸೂರ್ಯ ಮೂಡುವಾಗ ಮತ್ತು ಮುಳುಗುವಾಗಿನ ಹೊಂಬಣ್ಣದ ಬೆಳಕಿನ ಸಮಯ. ಕರಡಿನಲ್ಲಿ ‘ಸುವರ್ಣ ಗಂಟೆ’ ಎಂದಿದೆ. ಕೃಷ್ಣಮಠದಿಂದ ಕೂಗಳತೆಯಲ್ಲಿ ಆ ಬೋರ್ಡು ಹಾಕಿದರೆ ಎಲ್ಲರೂ ಅದನ್ನು ತೂಗುವ ಗಂಟೆ ಎಂದೇ ಓದುತ್ತಾರೆ. ‘ಸುವರ್ಣ ಸಮಯ’ವೂ ಬೇಡ: ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಬೇಕಾದ ಮೊದಲ ಒಂದು ಗಂಟೆಗೆ ಆ ಮಾತು ಅಂಟಿಕೊಂಡಿದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಗೋಲ್ಡನ್ ಅವರ್‌ಗೆ ಅದೇ ಅರ್ಥ. ಕಾರು ಪ್ರವಾಸದ ಪ್ರದರ್ಶನದ ಬಾಗಿಲಲ್ಲಿ ಆ ನೆನಪು ಬರಬಾರದು.

ಇನ್ನೆರಡು ಸಣ್ಣವು. ಅಪರ್ಚರ್‌ಗೆ (ಲೆನ್ಸಿನಲ್ಲಿ ಬೆಳಕು ಒಳಬರುವ ತೂತು) ‘ದ್ಯುತಿರಂಧ್ರ’ ಬಿಟ್ಟು ಬೇರೆ ಇದೆಯೇ? ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಲೆಂದೇ ಬಿಟ್ಟ ಜಾಗಕ್ಕೆ ಏನನ್ನೋಣ? ‘ಲೇ ಬೈ’ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಯಾರನ್ನೋ ಬೈಯಲು ಹೇಳಿದ ಹಾಗಾಗುತ್ತದೆ.

ಸುರತ್ಕಲ್‌ನಿಂದ:

ಗೋಧೂಳಿ. ಇದ್ದ ಪದ ಬಿಟ್ಟು ಹೊಸತು ಹೊಸೆಯುವುದು ಯಾಕೆ? ಹಟ್ಟಿಗೆ ಮರಳುವ ದನಗಳ ಕಾಲ್ಧೂಳಿನಲ್ಲಿ ಇಳಿಬಿಸಿಲು ಹಾಯುವಾಗಿನ ಬಣ್ಣವನ್ನು ಹಿರಿಯರು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ. ಗೋಧೂಳಿ ಲಗ್ನ ಕೇಳದವರು ಈ ಕಡೆ ಯಾರೂ ಇಲ್ಲ. ಬೋರ್ಡಿಗೆ ಮೂರೇ ಅಕ್ಷರ. ಮುಗಿಯಿತು.

ಮಣಿಪಾಲದಿಂದ:

ಮುಗಿದಿಲ್ಲ. ಗೋಧೂಳಿ ಸಂಜೆಗೆ ಮಾತ್ರ. ಬೆಳಿಗ್ಗೆ ದನ ಮೇಯಲು ಹೊರಟಾಗಲೂ ಧೂಳು ಏಳುತ್ತದೆ, ಆ ಹೆಸರು ಮಾತ್ರ ಅದಕ್ಕಿಲ್ಲ. ಫೋಟೋದವರ ಗೋಲ್ಡನ್ ಅವರ್ ದಿನಕ್ಕೆ ಎರಡು ಸಲ ಬರುತ್ತದೆ, ಕುಟುಂಬದ ಜೊತೆ ಹೋದವರಿಗೆ ಬೆಳಗಿನದ್ದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಟೆಕಾಪೊ ಕೆರೆಯ ದಂಡೆಯಲ್ಲಿ 1935ರಲ್ಲಿ ಕಟ್ಟಿದ ಸಣ್ಣ ಕಲ್ಲಿನ ಚರ್ಚು ಇದೆಯಲ್ಲ, ಅದರ ಮುಂದೆ ಬೆಳಿಗ್ಗೆ ಆರಕ್ಕೆ ನಿಂತರೆ ಜನರಿಲ್ಲದ ಚಿತ್ರ ಸಿಗುತ್ತದೆ. ಒಂಬತ್ತರ ಮೇಲೆ ಬಸ್ಸುಗಳು. ಒಳಗೆ ಫೋಟೋ ತೆಗೆಯುವಂತಿಲ್ಲ, ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಸಂಜೆಯದ್ದು ಡಿಸೆಂಬರಿನಲ್ಲಿ ಒಂಬತ್ತು ಗಂಟೆಯ ಆಚೀಚೆ ಬರುತ್ತದೆ, ಅಷ್ಟರಲ್ಲಿ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿಸದೆ ಇದ್ದರೆ ಸಂಜೆಯ ಬೆಳಕಿನಲ್ಲಿ ಮುಖಗಳೇ ಇರುವುದಿಲ್ಲ.

ಪದ ಆರಿಸುವ ಮೊದಲು ವಸ್ತು ಏನೆಂದು ನೋಡಿ. ಸೂರ್ಯ ದಿಗಂತದಿಂದ 6 ಡಿಗ್ರಿ ಎತ್ತರದೊಳಗೆ ಇರುವಷ್ಟು ಕಾಲವನ್ನು ಸಾಮಾನ್ಯವಾಗಿ ಹೀಗೆ ಕರೆಯುತ್ತಾರೆ. ಬೆಳಕು ಓರೆಯಾಗಿ ಹೆಚ್ಚು ಗಾಳಿಯನ್ನು ಹಾದು ಬರುವುದರಿಂದ ನೀಲಿ ಚೆದುರಿ, ಹಳದಿ ಕೆಂಪು ಉಳಿಯುತ್ತದೆ. ಅದು ಒಂದು ಗಂಟೆ ಅಲ್ಲವೇ ಅಲ್ಲ. ಡಿಸೆಂಬರಿನ ಕೊನೆಯಲ್ಲಿ ಮಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಆ 6 ಡಿಗ್ರಿ ಇಳಿಯಲು ಸುಮಾರು 27 ನಿಮಿಷ ಸಾಕು. 44 ಡಿಗ್ರಿ ದಕ್ಷಿಣದ ಟೆಕಾಪೊದಲ್ಲಿ ಸುಮಾರು 40, ಯಾಕೆಂದರೆ ಅಲ್ಲಿ ಸೂರ್ಯ ನೆಟ್ಟಗೆ ಬೀಳದೆ ಓರೆಯಾಗಿ ಜಾರುತ್ತದೆ. ಪಣಂಬೂರಿನ ಕಡಲಲ್ಲಿ ಕಣ್ಣು ಪಳಗಿದವರು ಅಲ್ಲಿ ಒಳ್ಳೆಯ ಬೆಳಕು ಮುಗಿಯುವ ಮೊದಲೇ ಕ್ಯಾಮರಾ ಚೀಲಕ್ಕೆ ಹಾಕಿಬಿಡುತ್ತಾರೆ. ಇನ್ನೊಂದು: ಸೂರ್ಯಾಸ್ತದ ಪಟ್ಟಿ ಬಯಲಿನ ಲೆಕ್ಕ. ಕಣಿವೆಯಲ್ಲಿ ಬೆಟ್ಟದ ನೆರಳು ಎಷ್ಟೋ ಮುಂಚೆ ಬೀಳುತ್ತದೆ.

ಹಾಗಾಗಿ ‘ಗಂಟೆ’ ಅಳತೆಯಾಗಿಯೂ ತಪ್ಪು. 24 ನಿಮಿಷಕ್ಕೆ ನಮ್ಮಲ್ಲಿ ಹೆಸರಿದೆ, ಗಳಿಗೆ. ‘ಹೊನ್ನ ಗಳಿಗೆ’ ಎನ್ನಿ.

ಅನುವಾದದಲ್ಲಿ ಒಂದು ಕಡೆ ಜಾಗ್ರತೆ. ಅಲ್ಲಿ ನಡುಹಗಲ ಸೂರ್ಯ ಉತ್ತರದಲ್ಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದವರಿಗೆ ಅವನು ಬಲದಿಂದ ಎಡಕ್ಕೆ ಸರಿಯುತ್ತಾನೆ. ಮೂಲದಲ್ಲಿ ಹಾಗಿದ್ದರೆ ಮುದ್ರಣದ ತಪ್ಪೆಂದು ತಿದ್ದಬೇಡಿ.

ಕುಂದಾಪುರದಿಂದ:

ಕೈಯಲ್ಲೇ ಇರುವ ಪದ ಯಾರಿಗೂ ಕಾಣಲಿಲ್ಲವಲ್ಲ. ಹೊತ್ತು! ಹೊತ್ತು ಅಂದರೆ ಕಾಲ, ಹೊತ್ತು ಅಂದರೆ ಸೂರ್ಯ. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಕಂತಿತು. ತುಳುವಿನಲ್ಲಿ ಪೊರ್ತು, ಅಲ್ಲಿಯೂ ಇದೇ ಎರಡರ್ಥ. ಹಳಗನ್ನಡದಲ್ಲಿ ಪೊೞ್ತು. ಆ ೞ ಕನ್ನಡದಲ್ಲಿ ತ್ತ ಒಳಗೆ ಕರಗಿತು, ತುಳುವಿನಲ್ಲಿ ರ ಆಗಿ ಉಳಿಯಿತು. ಸೂರ್ಯನ ಎತ್ತರವೇ ಅಳತೆಯಾದ ಒಂದು ಕಾಲಕ್ಕೆ, ಸೂರ್ಯ ಮತ್ತು ಕಾಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದಕ್ಕಿಂತ ಒಪ್ಪುವುದು ಯಾವುದಿದೆ? ಬೆಳಗಿಗೂ ಆಯಿತು, ಬೈಗಿಗೂ ಆಯಿತು.

ಸೇರಿಸುವ ಬಗೆಯೂ ಸಿದ್ಧವಾಗಿದೆ. ಪೊನ್ (ಹೊನ್ನಿನ ಹಳಗನ್ನಡ ರೂಪ) ಮುಂದೆ ಪಕಾರ ಬಂದರೆ ಬಕಾರ. ಪೊನ್, ಪಾಳೆ ಸೇರಿ ಹೊಂಬಾಳೆ ಆಯಿತು. ಅಡಕೆ ಹಾಳೆಗೆ ತುಳುವರು ಇಂದಿಗೂ ಪಾಳೆ ಎನ್ನುತ್ತಾರೆ. ಹಾಗೆಯೇ ಪೊನ್, ಪೊೞ್ತು ಸೇರಿ ಹೊಂಬೊತ್ತು. ಬೋರ್ಡಿಗೆ ಒಂದೇ ಪದ, ಮೂರೇ ಅಕ್ಷರ. ಸುರತ್ಕಲ್ಲಿನವರ ಲೆಕ್ಕಕ್ಕೂ ಸರಿಹೋಗುತ್ತದೆ.

ಬಿಜೈಯಿಂದ:

ಹೊಂಬೊತ್ತು ಸಂಧಿಗೆ ಸರಿ, ಕಿವಿಗೆ ತಪ್ಪು. ಆದೇಶಸಂಧಿ ಬಿಡಿಸಿದ ಮೇಲೆ ಮಾತ್ರ ತಿಳಿಯುವ ಪದ ಬೋರ್ಡಿಗೆ ಆಗುವುದಿಲ್ಲ. ಓಡುವ ಬಸ್ಸಿನಿಂದ ಓದುವವರು ಹೊಂಬಾಳೆ ಎಂದೇ ಓದಿ ಮುಂದೆ ಹೋಗುತ್ತಾರೆ. ಬಿಡಿಸಿ ಬರೆಯಿರಿ, ‘ಹೊನ್ನ ಹೊತ್ತು’.

ಆದರೆ ಒಂದು ಪದಕ್ಕೆ ಇಷ್ಟು ಕಾಳಜಿ ಮಾಡಿ, ಉಳಿದ ಕಡೆ ಛಾಯಾಚಿತ್ರ, ಪ್ರದರ್ಶನ, ದ್ಯುತಿರಂಧ್ರ ಎಂದು ಸುರಿದರೆ ಏನು ಬಂತು? ಛಾಯೆ ಅಂದರೆ ನೆರಳು. ಬೆಳಕಿನಿಂದ ಮೂಡುವುದಕ್ಕೆ ನೆರಳಿನ ಹೆಸರು. ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಹೊರಡುವುದೂ ಇಲ್ಲ. ಚಿತ್ರಕ್ಕೆ ‘ತಿಟ್ಟ’ ಎಂಬ ಪದ ಇದೆ, ಅದನ್ನು ಬಳಸಿ. ಸಂಸ್ಕೃತದಿಂದ ತಂದದ್ದೂ ಸಾಲವೇ, ಇಂಗ್ಲಿಷಿನಿಂದ ತಂದದ್ದೂ ಸಾಲವೇ. ಬಡ್ಡಿ ಮಾತ್ರ ಬೇರೆ.

ಕಾಪುವಿನಿಂದ:

ತಿಟ್ಟ ಅಂದರೆ ಈ ಕರಾವಳಿಯಲ್ಲಿ ಯಾರಿಗೂ ಫೋಟೋ ನೆನಪಾಗುವುದಿಲ್ಲ. ತೆಂಕು ತಿಟ್ಟು, ಬಡಗು ತಿಟ್ಟು ನೆನಪಾಗುತ್ತದೆ. ರಥಬೀದಿಯಲ್ಲಿ ‘ತಿಟ್ಟ’ ಎಂದು ಬೋರ್ಡು ಹಾಕಿದರೆ ಯಕ್ಷಗಾನ ನೋಡಲು ಜನ ಬರುತ್ತಾರೆ.

ಸಾಲವೆಂದರೆ ಅಷ್ಟು ಅಂಜಿಕೆ ಯಾಕೆ? ಮೇಜು, ಚಾವಿ ಎಲ್ಲ ಪೋರ್ಚುಗೀಸರಿಂದ ಬಂದವು. ಮಂಗಳೂರಿನ ಹಳೆಯ ಮನೆಗಳಲ್ಲಿ ಕಿಟಕಿಗೆ ಜನೇಲು ಎನ್ನುವುದೂ ಅಲ್ಲಿಂದಲೇ. ಕ್ಯಾಮರಾ ಮೂಲದಲ್ಲಿ ಲ್ಯಾಟಿನ್, ಕಮಾನು ಮಾಡಿನ ಕೋಣೆ ಎಂದರ್ಥ. ಅದೇ ಪದ ಪೋರ್ಚುಗೀಸಿನ ದಾರಿಯಲ್ಲಿ ಹಿಂದಿಗೆ ಹೋಗಿ ಕಮರಾ ಆಯಿತು. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, ಸಂಸ್ಕೃತದ್ದಿರಲಿ ಪಾರಸಿಯದ್ದಿರಲಿ ಅವರು ಸಾಲದ ಪದಗಳನ್ನು ಹೊರಗೆ ಹಾಕಲಿಲ್ಲ. ಜನ ಆಡಿದ್ದು ಕನ್ನಡ.

ನ್ಯೂಜಿಲೆಂಡಿನವರೇ ಏನು ಮಾಡಿದ್ದಾರೆ ನೋಡಿ. ಅಲ್ಲಿನ ಅತಿ ಎತ್ತರದ ಶಿಖರ, 3,724 ಮೀಟರ್. 1998ರಿಂದ ಅದರ ಅಧಿಕೃತ ಹೆಸರು ಅಓರಕಿ ಮತ್ತು ಮೌಂಟ್ ಕುಕ್ ಎರಡೂ ಸೇರಿ, ಅಲ್ಲಿನ ಮೂಲನಿವಾಸಿ ಮಾವೊರಿಗಳ ಹೆಸರು ಮೊದಲು. ಬೇರೆ ಕಡೆಯ ಮಾವೊರಿಗಳು ಅಓರಂಗಿ ಎನ್ನುವುದನ್ನು ದಕ್ಷಿಣ ದ್ವೀಪದವರು ಅಓರಕಿ ಎನ್ನುತ್ತಾರೆ. ತುಳುವಿನ ಪಕಾರ ಕನ್ನಡದಲ್ಲಿ ಹಕಾರ ಆದ ಹಾಗೆ, ಅದು ಅವರ ಮಾತಿನ ಗುಣ. ಚಿತ್ರದ ಅಡಿಬರಹದಲ್ಲಿ ಎರಡೂ ಹೆಸರು ಹಾಕಿ, ‘ಮೌಂಟ್ ಕುಕ್’ ಒಂದನ್ನೇ ಬರೆದು ಬಿಡಬೇಡಿ.

ಮಣಿಪಾಲದಿಂದ:

ಸಾಲದ ಜಗಳ ಬದಿಗಿರಲಿ, ಅಪರ್ಚರ್ ಬಾಕಿ ಇದೆ. ಕಿಂಡಿ. ಉಡುಪಿಯಲ್ಲಿ ಕನಕನ ಕಿಂಡಿ ಇಟ್ಟುಕೊಂಡು ದ್ಯುತಿರಂಧ್ರ ಹುಡುಕುವುದೇ? ಹೊಳೆಗೆ ಕಟ್ಟುವ ಕಿಂಡಿ ಅಣೆಕಟ್ಟು ಇನ್ನೂ ಹತ್ತಿರ, ಹಲಗೆ ಇಳಿಸಿ ಏರಿಸಿ ನೀರು ಎಷ್ಟು ಬಿಡಬೇಕೋ ಅಷ್ಟೇ ಬಿಡುವುದು. ಲೆನ್ಸಿನೊಳಗೆ ಬೆಳಕಿಗೂ ಅದೇ ಏರ್ಪಾಡು.

ಬಿಜೈಯಿಂದ:

ಕಿಂಡಿ ಒಪ್ಪಿದೆ. ಕ್ಯಾಮರಾ ಅಪರ್ಚರಿಗೆ ತೋರಿಸುವ ಸಂಖ್ಯೆಗೆ ಏನು ಮಾಡುತ್ತೀರಿ? ‘ಕಿಂಡಿ 16’ ಅಂದರೆ ದೊಡ್ಡ ಕಿಂಡಿ ಎಂದುಕೊಳ್ಳುತ್ತಾರೆ. ಇರುವುದು ಸಣ್ಣದು.

ಮಣಿಪಾಲದಿಂದ:

ಅದು ಸಂಖ್ಯೆಯಲ್ಲ, ಪಾಲು. ಎಫ್ 16 ಅಂದರೆ ಕಿಂಡಿಯ ಅಗಲ ಲೆನ್ಸಿನ ನಾಭಿದೂರದ (ಫೋಕಲ್ ಲೆಂತ್, ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದದ್ದು) ಹದಿನಾರರಲ್ಲಿ ಒಂದು ಪಾಲು. ಪಾಲಿಗೆ ಹಳಬರ ಲೆಕ್ಕದಲ್ಲಿ ಹೆಸರುಗಳು ಸಾಲಾಗಿ ನಿಂತಿವೆ: ಅರೆ, ಕಾಲು, ಅರೆಕಾಲು, ವೀಸ. ಎರಡರಲ್ಲಿ ಒಂದು, ನಾಲ್ಕರಲ್ಲಿ, ಎಂಟರಲ್ಲಿ, ಹದಿನಾರರಲ್ಲಿ ಒಂದು. ಎಫ್ 2, 4, 8, 16 ಇವೇ! 50 ಮಿ.ಮೀ. ಲೆನ್ಸಿನಲ್ಲಿ ಅರೆ ಕಿಂಡಿ 25 ಮಿ.ಮೀ. ಅಗಲ, ಕಾಲು ಕಿಂಡಿ ಹನ್ನೆರಡೂವರೆ, ವೀಸ ಕಿಂಡಿ ಮೂರು ಚಿಲ್ಲರೆ. ಅಗಲ ಅರ್ಧಕ್ಕೆ ಇಳಿದಾಗ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ, ಅಂದರೆ ಒಂದೊಂದು ಮೆಟ್ಟಿಲಿಗೆ ಎರಡೆರಡು ಸ್ಟಾಪ್ (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಕೈಪಿಡಿಯಲ್ಲಿ ‘ಎಫ್ 8’ ಎಂದೇ ಬರೆಯಿರಿ, ಕ್ಯಾಮರಾದ ಮೇಲೆ ಕಾಣುವುದು ಅದೇ. ಆದರೆ ಮೊದಲ ಸಲ ಬಂದಲ್ಲಿ ‘ಅರೆಕಾಲು ಕಿಂಡಿ’ ಎಂದು ಒಂದು ಸಾಲು ಸೇರಿಸಿ. ಸಂಖ್ಯೆ ಹೆಚ್ಚಾದರೆ ಕಿಂಡಿ ಯಾಕೆ ಕಿರಿದಾಗುತ್ತದೆ ಎಂದು ಮತ್ತೆ ಯಾರೂ ಕೇಳುವುದಿಲ್ಲ.

ಮನೆಯವರು ಎದುರಲ್ಲಿ, ಹಿಮದ ಬೆಟ್ಟ ಹಿಂದೆ, ಎರಡೂ ಸ್ಪಷ್ಟ ಬೇಕಾದರೆ: ಫುಲ್ ಫ್ರೇಮ್ ಕ್ಯಾಮರಾ (ಸೆನ್ಸರ್ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದು), 24 ಮಿ.ಮೀ. ಲೆನ್ಸ್, ಎಫ್ 11, ಫೋಕಸ್ 1.8 ಮೀಟರಿಗೆ. ಸುಮಾರು 90 ಸೆಂ.ಮೀ.ನಿಂದ ಅನಂತದವರೆಗೆ ಹಿಡಿಯುತ್ತದೆ. ಬೆಟ್ಟಕ್ಕೆ ಫೋಕಸ್ ಮಾಡಿದರೆ ಮುಖ ಮಂಕಾಗುತ್ತದೆ. ಎಫ್ 16 ದಾಟಿದರೆ ಬೆಳಕು ಕಿಂಡಿಯ ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆದುವಾಗುತ್ತದೆ.

ಪೋಲರೈಸರ್‌ಗೆ ಕನ್ನಡ ಹುಡುಕಲು ಹೋಗಬೇಡಿ, ಪೋಲರೈಸರ್ ಎಂದೇ ಇರಲಿ. ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಗಾಜು ಅದು. ಕಾರಿನೊಳಗಿಂದ ತೆಗೆಯುವವರಿಗೆ ಅದರ ತೊಂದರೆ ಹೇಳುವುದು ಮುಖ್ಯ. ಮುಂದಿನ ಗಾಜಿನ ಮೇಲೆ ಬೀಳುವ ಡ್ಯಾಶ್‌ಬೋರ್ಡಿನ ಪ್ರತಿಬಿಂಬವನ್ನು ಅದು ತೆಗೆಯುತ್ತದೆ, ಸರಿ. ಪಕ್ಕದ ಕಿಟಕಿಯಲ್ಲಿ ಮಾತ್ರ ಬಳಸಬಾರದು. ಅದು ಬಿಸಿ ಮಾಡಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು, ಒಳಗೆ ಉಳಿದ ಬಿಗಿತ ಪೋಲರೈಸರಿನಲ್ಲಿ ಚುಕ್ಕೆ ಚುಕ್ಕೆಯಾಗಿ, ಕಾಮನಬಿಲ್ಲಿನ ಕಲೆಯಾಗಿ ಕಾಣುತ್ತದೆ. ಆಮೇಲೆ ಅಳಿಸಲು ಆಗದು. ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದರೆ ಕಾರಿನ ನಡುಕ ಕ್ಯಾಮರಾಕ್ಕೆ ಬರುತ್ತದೆ. ಒಂದು ಬೆರಳು ಬಿಟ್ಟು, ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು.

ಕ್ಯಾಮರಾದ ಗಡಿಯಾರ ಇಲ್ಲೇ ಬಿಟ್ಟರೆ ಅಲ್ಲಿನ ಬೇಸಿಗೆಯಲ್ಲಿ ಏಳೂವರೆ ಗಂಟೆ ಹಿಂದೆ ಇರುತ್ತದೆ. ಮೊಬೈಲು ತಾನೇ ಬದಲಾಗುತ್ತದೆ, ಕ್ಯಾಮರಾ ಬದಲಾಗುವುದಿಲ್ಲ. ಮನೆಗೆ ಬಂದು ಎರಡನ್ನೂ ಸೇರಿಸಿದಾಗ ಊಟದ ಫೋಟೋ ಬೆಳಗಿನ ತಿಂಡಿಗಿಂತ ಮೊದಲು ನಿಲ್ಲುತ್ತದೆ. ಟ್ರೈಪಾಡಿನ ಕಾಲಿಗೆ ಅಂಟಿದ ಮಣ್ಣನ್ನು ಇಲ್ಲೇ ತೊಳೆದು ಒಣಗಿಸಿ ಒಯ್ಯಬೇಕು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹೊರಗಿನ ಮಣ್ಣಿನ ತಪಾಸಣೆ ಬಲು ಬಿಗಿ.

ಲೇ ಬೈಗೆ ‘ಬದಿತಾಣ’. ‘ಬದಿತಾಣವಿಲ್ಲದಲ್ಲಿ ಕಾರು ನಿಲ್ಲಿಸಬೇಡಿ, ಎಷ್ಟೇ ಒಳ್ಳೆಯ ನೋಟವಿರಲಿ.’

ಸುರತ್ಕಲ್‌ನಿಂದ:

ಎಲ್ಲರೂ ‘ಹೊನ್ನ ಹೊತ್ತು’ ಎಂದು ತಲೆದೂಗುತ್ತಿದ್ದೀರಿ. ಹೊರು ಧಾತುವಿನ ‘ಹೊತ್ತು’ ಮರೆತಿರಾ? ಹೊನ್ನ ಹೊತ್ತು ಅಂದರೆ ಹೊನ್ನನ್ನು ಹೊತ್ತುಕೊಂಡು. ವಿದೇಶದಿಂದ ಬಂಗಾರ ಹೊತ್ತು ಬಂದವರ ಪ್ರದರ್ಶನವೇ ಇದು? ಗೋಧೂಳಿಗೆ ಈ ಗತಿ ಬರುತ್ತಿರಲಿಲ್ಲ.

ಕುಂದಾಪುರದಿಂದ:

ಆಕ್ಷೇಪ ಸರಿ. ದ್ವಿತೀಯೆಯೋ ಷಷ್ಠಿಯೋ ಎಂಬ ಗೊಂದಲ ಅಷ್ಟೇ. ‘ಹೊನ್ನಿನ’ ಎಂದರೆ ಷಷ್ಠಿ ಖಚಿತ, ಹೊರುವ ಅರ್ಥ ಹತ್ತಿರ ಬರುವುದಿಲ್ಲ. ‘ಹೊನ್ನಿನ ಹೊತ್ತು.’

ಉಡುಪಿಯಿಂದ:

‘ಹೊನ್ನಿನ ಹೊತ್ತು’ ಬರೆಯಲು ಕೊಟ್ಟಾಯಿತು. ಒಳಗೆ ಕಿಂಡಿ, ಬದಿತಾಣ. ಫೋಟೋ, ಕ್ಯಾಮರಾ, ಪೋಲರೈಸರ್ ಇದ್ದ ಹಾಗೆ. ಅಓರಕಿ ಮೊದಲು, ಮೌಂಟ್ ಕುಕ್ ಆಮೇಲೆ. ನ್ನ ಮತ್ತು ತ್ತ ಒತ್ತುಗಳಿಗೆಂದು ಎರಡು ಅಡಿಯಲ್ಲಿ ಕೆಳಗಡೆ ಆರು ಇಂಚು ಬಿಡಿಸಿದ್ದೇನೆ. ಅಕ್ಷರವನ್ನು ಅಂಚಿನವರೆಗೆ ಹಿಗ್ಗಿಸಿದರೆ ಚೌಕಟ್ಟಿನ ಪಟ್ಟಿಯಲ್ಲಿ ಒತ್ತು ಮುಚ್ಚಿ ‘ಹೊನಿನ ಹೊತು’ ಆಗುತ್ತಿತ್ತು.

ಸುರತ್ಕಲ್‌ನಿಂದ:

ಆಗಲಿ. ಸಂಜೆಯ ಚಿತ್ರಗಳ ಕೆಳಗಾದರೂ ಗೋಧೂಳಿ ಹಾಕಿ.

ಉಡುಪಿಯಿಂದ:

42ರಲ್ಲಿ ಸಂಜೆಯವು 11. ಹನ್ನೊಂದಕ್ಕೂ ಹಾಕುತ್ತೇನೆ.