ಹೊಸ ಬೆಲ್ಟ್ ಹಾಕಿದರೂ ಮರಳಿ ಬರುವ ಚಿಂವ್‌ಗುಟ್ಟುವ ಸದ್ದು: ಹಳೆಯ ಕಾರಿನಲ್ಲಿ ಮೂಲವನ್ನು ಹುಡುಕುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಇಪ್ಪತ್ತೆರಡು ವರ್ಷ ಹಳೆಯದಾದ ಪೆಟ್ರೋಲ್ ಕಾರೊಂದಿದೆ. ಎಂಜಿನ್ನಿನ ಮುಂಭಾಗದಲ್ಲಿ ಆರು ಗೆರೆಗಳ ಒಂದೇ ಬೆಲ್ಟ್ ಆಲ್ಟರ್ನೇಟರ್, ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್ ಮತ್ತು ಎ.ಸಿ. ಕಂಪ್ರೆಸರ್ ಈ ನಾಲ್ಕನ್ನೂ ತಿರುಗಿಸುತ್ತದೆ. ಬೆಲ್ಟಿನ ಬಿಗಿಯನ್ನು ಸ್ಪ್ರಿಂಗ್ ಇರುವ ಟೆನ್ಷನರ್ ನೋಡಿಕೊಳ್ಳುತ್ತದೆ. ಕೆಲವು ತಿಂಗಳ ಹಿಂದೆ ಈ ಭಾಗದಿಂದ ಸದ್ದು ಶುರುವಾಯಿತು. ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸಿದ ಮೇಲೆ ಪೂರ್ತಿ ನಿಂತಿತು, ಆದರೆ ಮೂರು ವಾರದಲ್ಲಿ ಮರಳಿತು. ಆ ಬೆಲ್ಟೇ ಕಳಪೆಯಾಗಿರಬಹುದೆಂದು ಬೇರೆ ತಯಾರಕರದನ್ನು ಹಾಕಿಸಿದೆ; ಅದೂ ಒಂದು ತಿಂಗಳಷ್ಟೇ ಸುಮ್ಮನಿತ್ತು. ನಡುವೆ ಬೆಲ್ಟಿಗೆ ಸಿಂಪಡಿಸುವ ಸ್ಪ್ರೇಯನ್ನೂ ಬಳಸಿ ನೋಡಿದೆ. ಎರಡು ದಿನ ಶಾಂತವಾಗಿದ್ದು, ಮೂರನೆಯ ದಿನ ಮತ್ತೆ ಅದೇ ಸದ್ದು.

ಐಡಲ್‌ನಲ್ಲಿ ಹಕ್ಕಿಮರಿ ಕೂಗಿದಂತೆ ಚಿಂವ್, ಚಿಂವ್, ಚಿಂವ್ ಎಂದು ತಾಳ ತಪ್ಪದೆ ಕೇಳಿಸುತ್ತದೆ; ಆಕ್ಸಿಲರೇಟರ್ ಒತ್ತಿದರೆ ತಾಳ ವೇಗವಾಗುತ್ತದೆ, ಇನ್ನೂ ಒತ್ತಿದರೆ ಎಂಜಿನ್ನಿನ ಸದ್ದಿನಲ್ಲಿ ಕರಗಿಹೋಗುತ್ತದೆ. ಎ.ಸಿ. ಹಾಕಿದರೂ ಸ್ಟೀರಿಂಗ್ ತಿರುಗಿಸಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಟೆನ್ಷನರನ್ನೇ ಬದಲಿಸಿ ಎಂದು ಈಗ ಸಲಹೆ ಬಂದಿದೆ. ಇನ್ನೊಂದು ಬಿಡಿಭಾಗವನ್ನು ಊಹೆಯ ಮೇಲೆ ಕೊಳ್ಳುವ ಮೊದಲು ಸದ್ದಿನ ಮೂಲವನ್ನು ನಾನೇ ಗುರುತಿಸಲು ಸಾಧ್ಯವೇ? ಸ್ಪ್ಯಾನರ್ ಸೆಟ್ ಇದೆ, ಸಣ್ಣಪುಟ್ಟ ಕೆಲಸ ಗೊತ್ತಿದೆ.

ಮೊದಲನೆಯ ಉತ್ತರ

ನೀವು ಸದ್ದನ್ನು ಇಷ್ಟು ಗಮನವಿಟ್ಟು ಕೇಳಿರುವುದೇ ದೊಡ್ಡ ಸಹಾಯ. ಬೆಲ್ಟಿನ ಸದ್ದುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ, ಎರಡರ ಕಾರಣಗಳೂ ಬೇರೆ ಬೇರೆ. ಎಳೆದೆಳೆದು ಕೀರಲಾಗಿ ಕಿರುಚುವ ಸದ್ದು ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತಿದೆ ಎಂಬುದರ ಗುರುತು. ಬಿಗಿ ಸಾಲದಿದ್ದರೆ, ಗೆರೆಗಳು ಸವೆದಿದ್ದರೆ, ಎಣ್ಣೆಯೋ ಕೂಲಂಟೋ ಸೋರಿ ಬೆಲ್ಟಿಗೆ ತಗುಲಿದ್ದರೆ, ಅಥವಾ ಯಾವುದಾದರೂ ಪುಲ್ಲಿ ಸರಾಗವಾಗಿ ತಿರುಗದೆ ಹಿಡಿದುಕೊಂಡಿದ್ದರೆ ಅಂಥ ಕಿರುಚು ಬರುತ್ತದೆ. ಹೊರೆ ಹೆಚ್ಚಿದಂತೆ ಅದು ಜೋರಾಗುತ್ತದೆ: ಸ್ಟೀರಿಂಗನ್ನು ಒಂದು ಕೊನೆಯವರೆಗೆ ತಿರುಗಿಸಿದಾಗ ಪಂಪಿನ ಹೊರೆ, ಎ.ಸಿ. ಹಾಕಿದಾಗ ಕಂಪ್ರೆಸರಿನ ಹೊರೆ, ಸ್ಟಾರ್ಟ್ ಮಾಡಿದ ತಕ್ಷಣ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನ ಹೊರೆ. ನಿಮ್ಮದು ಹಾಗಿಲ್ಲ. ತಾಳಬದ್ಧವಾದ, ತುಂಡು ತುಂಡಾದ ಚಿಂವ್ ಸದ್ದು ಬಹುತೇಕ ಸಂದರ್ಭಗಳಲ್ಲಿ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬುದನ್ನು ಹೇಳುತ್ತದೆ. ಬೆಲ್ಟಿನ ಗೆರೆ ಪುಲ್ಲಿಯ ಕಾಲುವೆಯೊಳಗೆ ನೇರವಾಗಿ ಇಳಿಯದೆ ಓರೆಯಾಗಿ ಇಳಿದಾಗ ಪಕ್ಕದ ಗೋಡೆಗೆ ಉಜ್ಜಿ, ಹಿಡಿದು, ಬಿಡುತ್ತದೆ. ಆ ಬಿಡುವ ಕ್ಷಣದ ಸದ್ದೇ ನಿಮ್ಮ ಹಕ್ಕಿಮರಿ. ಹೊಸ ಬೆಲ್ಟ್ ಕೆಲವು ವಾರ ಸುಮ್ಮನಿದ್ದು ಮತ್ತೆ ಕೂಗಲು ಶುರುಮಾಡುವುದೂ ಇದಕ್ಕೆ ಹೊಂದುತ್ತದೆ.

ಖಚಿತಪಡಿಸಿಕೊಳ್ಳಲು ನೀರಿನ ಪರೀಕ್ಷೆ ಮಾಡಿ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಎಂಜಿನ್ ಐಡಲ್‌ನಲ್ಲಿದ್ದಾಗ ಬೆಲ್ಟಿನ ಗೆರೆಗಳಿರುವ ಬದಿಗೆ ದೂರದಿಂದ ಒಂದೆರಡು ಸಲ ಸಿಂಪಡಿಸಿ. ಚಿಂವ್ ಸದ್ದು ಕೆಲವು ಸೆಕೆಂಡು ನಿಂತು, ನೀರು ಆರಿದಂತೆ ಮರಳಿದರೆ ತೊಂದರೆ ಪುಲ್ಲಿಗಳ ಸಾಲಿನಲ್ಲಿದೆ. ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿಯ ಕಡೆ ನೋಡಬೇಕು. ತೋಳು ಮಡಚಿಕೊಳ್ಳಿ, ಕೊರಳಿನ ಸರವಾಗಲಿ ಉದ್ದ ಕೂದಲಾಗಲಿ ಬೆಲ್ಟಿನ ಬಳಿ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗಬಹುದೆಂಬುದನ್ನೂ ಮರೆಯಬೇಡಿ.

ಆ ಸ್ಪ್ರೇಯನ್ನು ದಯವಿಟ್ಟು ಮತ್ತೆ ಬಳಸಬೇಡಿ. ಅದು ಗೆರೆಗಳ ಮೇಲೆ ಅಂಟು ಪದರವಾಗಿ ಕುಳಿತು ದೂಳನ್ನು ಹಿಡಿದುಕೊಳ್ಳುತ್ತದೆ, ನಿಜವಾದ ದೋಷವನ್ನು ಮರೆಮಾಡುತ್ತದೆ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನೀರಿನ ಪರೀಕ್ಷೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಒಣಗಿದ ಬೇರಿಂಗ್ ಕೂಡ ಶುರುವಿನಲ್ಲಿ ಚಿಂವ್‌ಗುಟ್ಟುವುದುಂಟು. ಗರಗರ ಎನ್ನುವುದು ಆಮೇಲೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಲ್ಟ್ ಸುತ್ತಿಕೊಂಡಿರುವ ದಾರಿಯ ಫೋಟೊ ತೆಗೆದುಕೊಂಡು, ಟೆನ್ಷನರನ್ನು ಸ್ಪ್ಯಾನರಿನಿಂದ ಹಿಂದಕ್ಕೆಳೆದು ಬೆಲ್ಟನ್ನು ಬಿಚ್ಚಿ. ನಂತರ ಒಂದೊಂದು ಪುಲ್ಲಿಯನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಒಳ್ಳೆಯ ಐಡ್ಲರ್ ಪುಲ್ಲಿ (ಏನನ್ನೂ ಓಡಿಸದೆ ಬೆಲ್ಟಿಗೆ ದಾರಿ ತೋರಲಷ್ಟೇ ಇರುವ ಪುಲ್ಲಿ) ಸದ್ದಿಲ್ಲದೆ, ಒಂದೇ ಹದದಲ್ಲಿ ತಿರುಗಿ ನಿಲ್ಲುತ್ತದೆ. ಒಳಗೆ ಮರಳಿದ್ದಂತೆ ಬೆರಳಿಗೆ ತಾಗಿದರೆ, ಅಥವಾ ಗ್ರೀಸ್ ಒಣಗಿಹೋಗಿ ಸೈಕಲ್ ಚಕ್ರದಂತೆ ಬಹಳ ಹೊತ್ತು ಸುತ್ತುತ್ತಲೇ ಇದ್ದರೆ ಬೇರಿಂಗ್ ಮುಗಿಯಿತೆಂದು ತಿಳಿಯಿರಿ. ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದು ಅಲುಗಾಡಿಸಿ, ಸ್ವಲ್ಪವೂ ಅಲ್ಲಾಡಬಾರದು. ಅದರ ಕೆಳಗಿನ ಸಣ್ಣ ರಂಧ್ರದ ಸುತ್ತ ಕೂಲಂಟ್ ಒಣಗಿದ ಕಲೆಯಿದೆಯೇ ಎಂದೂ ನೋಡಿ.

ಬೆಲ್ಟ್ ಇಲ್ಲದೆ ಎಂಜಿನ್ನನ್ನು ಹತ್ತಿಪ್ಪತ್ತು ಸೆಕೆಂಡು ಓಡಿಸಿ ಸದ್ದು ಹೋಯಿತೇ ಎಂದು ಕೇಳಬಹುದು. ನಿಮ್ಮ ಕಾರಿನಲ್ಲಿ ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಓಡಿಸುವುದು ಬೇಡ.

ಇನ್ನು ಬೆಲ್ಟಿನ ವಿಷಯ. ಹಳೆಯ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು, ಕಣ್ಣಿಗೆ ಕಾಣುತ್ತಿತ್ತು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಅಷ್ಟು ಸುಲಭವಾಗಿ ಬಿರುಕು ಬಿಡುವುದಿಲ್ಲ, ಟೈರಿನಂತೆ ಸವೆಯುತ್ತವೆ. ಬಿರುಕಿಲ್ಲವೆಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಎನ್ನುವಂತಿಲ್ಲ. ಬಿಚ್ಚಿದ ಬೆಲ್ಟನ್ನು ಬೆಳಕಿಗೆ ಹಿಡಿದು ಅಂಚುಗಳನ್ನು ನೋಡಿ: ಒಂದೇ ಕಡೆಯ ಅಂಚು ಹೊಳಪಾಗಿ ಸವೆದಿದ್ದರೆ, ಅಥವಾ ನೂಲಿನ ಎಳೆ ಹೊರಬಂದಿದ್ದರೆ, ಬೆಲ್ಟ್ ಓರೆಯಾಗಿ ಓಡುತ್ತಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರವಿಡೀ ಇದರಲ್ಲೇ ಕಳೆಯಿತು. ನೀರು ಸಿಂಪಡಿಸಿದಾಗ ಸದ್ದು ತಟ್ಟನೆ ನಿಂತು, ಸುಮಾರು ಎಂಟು ಸೆಕೆಂಡಿನ ನಂತರ ಮರಳಿತು. ಮೂರು ಬಾರಿ ಮಾಡಿದರೂ ಅದೇ ಫಲ. ಬೆಲ್ಟ್ ಬಿಚ್ಚಿ ತಿರುಗಿಸಿ ನೋಡಿದರೆ ಐಡ್ಲರ್, ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲವೂ ಸದ್ದಿಲ್ಲದೆ ತಿರುಗುತ್ತವೆ, ಟೆನ್ಷನರಿನ ಬೇರಿಂಗೂ ಸರಿಯಿದೆ. ಬೆಲ್ಟಿನ ಎಂಜಿನ್ ಕಡೆಯ ಅಂಚು ಮಾತ್ರ ಗಾಜಿನಂತೆ ಹೊಳೆಯುತ್ತಿದೆ. ಆದರೆ ನೇರವಾದ ಕಬ್ಬಿಣದ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಆನಿಸಿ ನೋಡಿದಾಗ ಎಲ್ಲವೂ ಸಾಲಿನಲ್ಲೇ ಇರುವಂತೆ ಕಂಡಿತು. ಬೆಲ್ಟ್ ಹಾಕಿ ಓಡಿಸಿದಾಗ ಟೆನ್ಷನರಿನ ತೋಳು ಸಣ್ಣಗೆ ನಡುಗುತ್ತಿರುತ್ತದೆ. ಹಾಗಾದರೆ ಟೆನ್ಷನರೇ ಕಾರಣವೇ?

ಮೂರನೆಯ ಉತ್ತರ

ಟೆನ್ಷನರ್ ಕೊಳ್ಳಲು ಹೊರಡಬೇಡಿ. ನಿಂತಿರುವಾಗ ಸಾಲಿನಲ್ಲಿದ್ದು, ಓಡುವಾಗ ಸಾಲು ತಪ್ಪುವ ಪುಲ್ಲಿ ಒಂದಿರಬಹುದು. ನನ್ನ ಅನುಮಾನ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಮೇಲೆ. ಇಡೀ ಬೆಲ್ಟನ್ನು ಎಳೆಯುವುದೇ ಅದಾದರೂ ತಪಾಸಣೆಯಲ್ಲಿ ಅದರ ಸರದಿ ಬರುವುದು ಕೊನೆಗೆ, ಏಕೆಂದರೆ ಮೇಲಿನಿಂದ ಅದು ಸರಿಯಾಗಿ ಕಾಣುವುದಿಲ್ಲ.

ಅನೇಕ ಎಂಜಿನ್ನುಗಳಲ್ಲಿ ಈ ಪುಲ್ಲಿ ಒಂದೇ ತುಂಡಲ್ಲ. ಮಧ್ಯದ ಗುಂಬ ಒಂದು, ಬೆಲ್ಟ್ ಓಡುವ ಹೊರಬಳೆ ಇನ್ನೊಂದು. ಎರಡರ ನಡುವೆ ಕ್ರ್ಯಾಂಕ್ ಶಾಫ್ಟಿನ ತಿರುಚು ಕಂಪನವನ್ನು ಹೀರಿಕೊಳ್ಳಲು ರಬ್ಬರಿನ ಪದರವಿರುತ್ತದೆ. ಇಪ್ಪತ್ತು ವರ್ಷ ಎಂಜಿನ್ನಿನ ಕಾವನ್ನು ತಿಂದ ಆ ರಬ್ಬರ್ ಗಟ್ಟಿಯಾಗಿ, ಬಿರುಕು ಬಿಟ್ಟು, ಗುಂಬದಿಂದ ಕಳಚಿಕೊಳ್ಳುತ್ತದೆ. ಆಗ ಹೊರಬಳೆ ಓಡುವಾಗ ಓಲಾಡುತ್ತದೆ, ಒಂದೊಂದು ಸುತ್ತಿಗೂ ಬೆಲ್ಟನ್ನು ಆಚೀಚೆ ಎಳೆಯುತ್ತದೆ, ಟೆನ್ಷನರಿನ ತೋಳು ಅದಕ್ಕೆ ತಕ್ಕಂತೆ ನಡುಗುತ್ತದೆ. ಎಷ್ಟು ಅಂತರ ತಪ್ಪಿದರೆ ಸದ್ದು ಬರುತ್ತದೆ ಎಂದರೆ, ಪುಲ್ಲಿಗಳು ಹತ್ತಿರ ಹತ್ತಿರವಿದ್ದಾಗ ಒಂದೂವರೆ ಮಿಲಿಮೀಟರೇ ಸಾಕು.

ಪರೀಕ್ಷೆ ಸರಳ. ಎಂಜಿನ್ ಆರಿಸಿ, ಮುಂಚಕ್ರವನ್ನು ಬಿಚ್ಚಿ, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ಪುಲ್ಲಿಯ ಮುಖವನ್ನು ಒರೆಸಿ, ಗುಂಬದಿಂದ ರಬ್ಬರನ್ನು ದಾಟಿ ಹೊರಬಳೆಯವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಚಕ್ರ ಹಾಕಿ ಒಂದು ವಾರ ಕಾರನ್ನು ಓಡಿಸಿ ಮತ್ತೆ ನೋಡಿ. ಗೆರೆ ಮುರಿದು ಎರಡು ತುಂಡು ಅಕ್ಕಪಕ್ಕ ಸರಿದಿದ್ದರೆ ಹೊರಬಳೆ ಗುಂಬದ ಮೇಲೆ ಜಾರಿದೆ, ಪುಲ್ಲಿ ಬದಲಿಸಲೇಬೇಕು. ಗೆರೆ ಸರಿಯಿದ್ದರೂ ರಬ್ಬರ್ ಹೊರಗೆ ಉಬ್ಬಿದ್ದರೆ ಅಥವಾ ಪುಲ್ಲಿ ಓಲಾಡುವುದು ಕಣ್ಣಿಗೆ ಕಂಡರೆ ಅದೇ ತೀರ್ಮಾನ. ಇನ್ನೊಂದು ಮಾತು: ಕೆಲವು ಹಳೆಯ ಎಂಜಿನ್ನುಗಳಲ್ಲಿ ಇಗ್ನಿಷನ್ ಟೈಮಿಂಗಿನ, ಅಂದರೆ ಕಿಡಿ ಹಾರುವ ಹೊತ್ತಿನ, ಗುರುತು ಈ ಹೊರಬಳೆಯ ಮೇಲೆಯೇ ಇರುತ್ತದೆ. ಬಳೆ ಜಾರಿದ್ದರೆ ಆ ಗುರುತೂ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಯಾರಾದರೂ ಟೈಮಿಂಗ್ ಹೊಂದಿಸಿದ್ದರೆ ಅದನ್ನೂ ಸರಿಪಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಒಂದು ವಾರ ಕಾಯಬೇಕಾಗಲಿಲ್ಲ. ನಾಲ್ಕನೆಯ ದಿನ ಚಕ್ರ ಬಿಚ್ಚಿ ನೋಡಿದಾಗ ಬಿಳಿ ಗೆರೆಯ ಹೊರತುಂಡು ಹೆಬ್ಬೆರಳಿನಗಲದಷ್ಟು ದೂರ ಸರಿದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದರೆ ರಬ್ಬರ್ ಒಣಗಿದ ತೊಗಟೆಯ ಹಾಗೆ ಪುಡಿಯಾಗಿ ಉದುರಿತು. ಇಷ್ಟು ದಿನ ಇದನ್ನು ಇಟ್ಟುಕೊಂಡು ದೂರದ ಪ್ರಯಾಣ ಮಾಡಿದ್ದೇನೆಂದು ನೆನೆದರೆ ಈಗ ಭಯವಾಗುತ್ತದೆ. ಪುಲ್ಲಿಯನ್ನು ನಾನೇ ಬದಲಿಸಬಹುದೇ?

ಮೂರನೆಯ ಉತ್ತರ ಬರೆದವರಿಂದ

ಬಳೆ ಕಳಚಿ ಬಿದ್ದಿದ್ದರೆ ಚಾರ್ಜ್, ಸ್ಟೀರಿಂಗಿನ ಪವರ್ ನೆರವು, ಕೂಲಂಟಿನ ಹರಿವು ಮೂರೂ ಒಟ್ಟಿಗೆ ನಿಲ್ಲುತ್ತಿದ್ದವು. ಸರಿಯಾದ ಹೊತ್ತಿಗೆ ಸಿಕ್ಕಿದೆ. ಬದಲಿಸುವವರೆಗೆ ಕಾರನ್ನು ಹೊರತೆಗೆಯಬೇಡಿ.

ಬದಲಿಸುವ ಮೊದಲು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಓದಿ. ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಬೋಲ್ಟಿನ ಬಿಗಿಯೇ ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಕಾಯುವ ಟೈಮಿಂಗ್ ಗೇರನ್ನೂ ಹಿಡಿದಿಡುತ್ತದೆ, ಅಲ್ಲಿ ಕೀ (ಗೇರು ಶಾಫ್ಟಿನ ಮೇಲೆ ಜಾರದಂತೆ ತಡೆಯುವ ಸಣ್ಣ ಲೋಹದ ತುಂಡು) ಇರುವುದಿಲ್ಲ. ಅಂಥದ್ದರಲ್ಲಿ ಲಾಕಿಂಗ್ ಟೂಲ್ ಇಲ್ಲದೆ ಬೋಲ್ಟ್ ಸಡಿಲಿಸಿದರೆ ಟೈಮಿಂಗ್ ಕೆಟ್ಟು ವಾಲ್ವುಗಳಿಗೇ ಏಟು ಬೀಳಬಹುದು. ನಿಮ್ಮದು ಆ ಬಗೆಯದಾಗಿದ್ದರೆ ಅನುಭವಿ ಮೆಕ್ಯಾನಿಕ್ಕಿಗೆ ಒಪ್ಪಿಸಿ. ಕೀ ಇರುವ ಎಂಜಿನ್ನಾದರೆ ಮಾಡಬಹುದು. ಪುಲ್ಲರನ್ನು (ಪುಲ್ಲಿಯನ್ನು ಎಳೆದು ತೆಗೆಯುವ ಉಪಕರಣವನ್ನು) ಗುಂಬದ ರಂಧ್ರಗಳಿಗೆ ಸಿಕ್ಕಿಸಿ ಎಳೆಯಿರಿ, ಹೊರಬಳೆಯನ್ನು ಹಿಡಿದು ಎಳೆಯಬೇಡಿ. ಹೊಸದನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು ಬೇಡ. ಮ್ಯಾನ್ಯುಯಲ್ ಹೊಸ ಬೋಲ್ಟ್ ಹಾಕಬೇಕೆಂದು ಹೇಳಿದ್ದರೆ ಹಳೆಯದನ್ನು ಮರುಬಳಸದೆ, ಹೇಳಿದಷ್ಟೇ ಟಾರ್ಕಿಗೆ ಬಿಗಿಯಿರಿ. ಪುಲ್ಲಿಯ ಹಿಂದಿರುವ ಆಯಿಲ್ ಸೀಲ್ ತೇವವಾಗಿದ್ದರೆ ಈಗಲೇ ಬದಲಿಸಿ. ಅಂಚು ಹೊಳಪಾದ ಈಗಿನ ಬೆಲ್ಟನ್ನು ಮತ್ತೆ ಹಾಕಬೇಡಿ. ಹೊಸದನ್ನು ಹಾಕುವ ಮುನ್ನ ಉಳಿದ ಪುಲ್ಲಿಗಳ ಕಾಲುವೆಗಳಲ್ಲಿ ಅಂಟಿರುವ ಸ್ಪ್ರೇಯ ಜಿಡ್ಡನ್ನು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಪ್ರಶ್ನೆ ಕೇಳಿದವರಿಂದ

ನನ್ನ ಎಂಜಿನ್ನಿನಲ್ಲಿ ಕೀ ಇದೆ. ಬೋಲ್ಟ್ ಬಿಚ್ಚುವಷ್ಟರಲ್ಲಿ ಬೆವರಿಳಿದರೂ ಹೊಸ ಪುಲ್ಲಿ ಸಲೀಸಾಗಿ ಕುಳಿತಿತು. ಬೆಲ್ಟೂ ಹೊಸದು. ಇಂದಿಗೆ ಏಳು ವಾರವಾಯಿತು. ಟೆನ್ಷನರಿನ ತೋಳು ನಡುಗುವುದು ಈಗ ಕಾಣುವುದಿಲ್ಲ, ಬಾನೆಟ್ ತೆರೆದು ಕಿವಿಗೊಟ್ಟರೂ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.