ಮೊಳಕೆ ಕಾಳೋ, ಬಾದಾಮಿಯೋ? ಪಟ್ಟಿ ನೋಡಿ ಗೊಂದಲವಾಗಿದೆ

ಪ್ರಶ್ನೆ: ತಿಳಿಹಸಿರು

ಎಲ್ಲರಿಗೂ ನಮಸ್ಕಾರ. ನಾನು ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಇತ್ತೀಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4 ಬಂತು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟು, ಊಟದ ಕಡೆಗೂ ಗಮನ ಕೊಡಿ ಅಂದರು. ಅವತ್ತಿನಿಂದ ಬೆಳಿಗ್ಗೆ ಒಂದು ಬಟ್ಟಲು ಹೆಸರುಕಾಳಿನ ಮೊಳಕೆಯನ್ನು ಹಸಿಯಾಗಿಯೇ ತಿನ್ನುತ್ತಿದ್ದೇನೆ. ನಮ್ಮಕ್ಕ ಮಾತ್ರ "ಅದರಲ್ಲಿ ಏನಿದೆ, ಬರೀ ನೀರು. ಬಾದಾಮಿ ತಿನ್ನು" ಅನ್ನುತ್ತಾಳೆ. ಪೋಷಕಾಂಶಗಳ ಪಟ್ಟಿ ತೆಗೆದು ನೋಡಿದೆ. 100 ಗ್ರಾಂ ಬಾದಾಮಿಯಲ್ಲಿ 21 ಗ್ರಾಂ ಪ್ರೋಟೀನ್, ಅಷ್ಟೇ ತೂಕದ ಮೊಳಕೆಯಲ್ಲಿ ಬರೀ 3. ಕಬ್ಬಿಣವೂ ಬಾದಾಮಿಯಲ್ಲೇ ಜಾಸ್ತಿ. ಹಾಗಾದರೆ ಮೊಳಕೆಯನ್ನು ಎಲ್ಲರೂ ಇಷ್ಟೊಂದು ಹೊಗಳುವುದು ಯಾಕೆ? ಬಿಟ್ಟುಬಿಡಲಾ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ನನ್ನ ಬಟ್ಟಲಿಗೆ ಅವಳೂ ಕೈ ಹಾಕುತ್ತಾಳೆ. ಅದಕ್ಕೇ ಸರಿಯಾಗಿ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ.

ಉತ್ತರ 1: ನಡಿಗೆಪ್ರಿಯ

ನಿಮ್ಮಕ್ಕನ ಮಾತಿನಲ್ಲಿ ಹುರುಳಿದೆ. ಸ್ಪೇನ್‌ನಲ್ಲಿ ನಡೆದ ಪ್ರೆಡಿಮೆಡ್ ಅಧ್ಯಯನದಲ್ಲಿ ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ ಜೊತೆಗೆ ದಿನಕ್ಕೆ 30 ಗ್ರಾಂ ಅಕ್ರೋಟ್, ಬಾದಾಮಿ, ಹೇಜಲ್‌ನಟ್ ಕೊಟ್ಟಿದ್ದರು. ಕೊಬ್ಬು ಕಡಿಮೆ ಮಾಡಿ ಅಂತ ಸಲಹೆ ಪಡೆದ ಗುಂಪಿಗಿಂತ ಇವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಶೇ. 30ರಷ್ಟು ಕಡಿಮೆ ಇತ್ತು. 2013ರಲ್ಲಿ ಪ್ರಕಟವಾಗಿದ್ದನ್ನು 2018ರಲ್ಲಿ ಲೆಕ್ಕ ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಆಗಲೂ ಫಲಿತಾಂಶ ಹೆಚ್ಚುಕಮ್ಮಿ ಅದೇ. ನಾನಂತೂ ದಿನಾ ಒಂದು ಹಿಡಿ ತಿನ್ನುತ್ತೇನೆ.

ಉತ್ತರ 2: ಅಳತೆಬಟ್ಟಲು

ನಾನು ಆಹಾರ ತಜ್ಞೆ. ಈ ಪಟ್ಟಿಯ ಗೊಂದಲವನ್ನು ಹೊತ್ತುಕೊಂಡು ಬರುವವರನ್ನು ದಿನಾ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ನೋಡಿದ ಪಟ್ಟಿ ತಪ್ಪಲ್ಲ. ಆದರೆ ಅದರಲ್ಲಿರುವ ಮೊಳಕೆ ನಿಮ್ಮ ಬಟ್ಟಲಿನ ಮೊಳಕೆ ಅಲ್ಲ. ಪಟ್ಟಿಯದ್ದು ಬೆರಳುದ್ದ ಬೆಳೆದ, ಬಿಳಿ ದಂಟಿನ ಮೊಳಕೆ. ಅದರಲ್ಲಿ ಶೇ. 90ರಷ್ಟು ನೀರು, 100 ಗ್ರಾಂಗೆ 30 ಕ್ಯಾಲೊರಿ ಅಷ್ಟೇ. ಮನೆಯಲ್ಲಿ ನಾವು ರಾತ್ರಿ ನೆನೆಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಡುವ ಕಾಳು ಬೇರೆ. ಸಿಪ್ಪೆ ಬಿರಿದು ಕಾಳಿನಷ್ಟೇ ಉದ್ದದ ಬಾಲ ಇಣುಕಿದ ಕೂಡಲೇ ಗಂಟು ಬಿಚ್ಚುತ್ತೇವೆ ಅಲ್ವಾ? ಆ ಹೊತ್ತಿಗೆ ಕಾಳು ಕುಡಿದಿರುವ ನೀರು ಪಟ್ಟಿಯ ಮೊಳಕೆಗಿಂತ ತುಂಬಾ ಕಡಿಮೆ.

ಅದಕ್ಕೇ ನಾನು ಯಾವಾಗಲೂ ಒಣ ಕಾಳಿನ ತೂಕ ಕೇಳುತ್ತೇನೆ. 50 ಗ್ರಾಂ ಒಣ ಹೆಸರುಕಾಳು ಅಂತಿಟ್ಟುಕೊಳ್ಳಿ. ಅದರಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, 3 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಕಬ್ಬಿಣ, 170ರಷ್ಟು ಕ್ಯಾಲೊರಿ ಇರುತ್ತದೆ. ನೆನೆದು ಬಾಲ ಬಂದ ಮಾತ್ರಕ್ಕೆ ಆ ಪ್ರೋಟೀನ್ ಎಲ್ಲೂ ಓಡಿಹೋಗುವುದಿಲ್ಲ. ಈಗ ಒಂದು ಹಿಡಿ, ಅಂದರೆ 30 ಗ್ರಾಂ ಬಾದಾಮಿ ತೆಗೆದುಕೊಳ್ಳಿ. ಕ್ಯಾಲೊರಿ ಹತ್ತಿರ ಹತ್ತಿರ ಅಷ್ಟೇ, ಆದರೆ ಪ್ರೋಟೀನ್ 6 ಗ್ರಾಂ, ಕಬ್ಬಿಣ ಸುಮಾರು 1 ಮಿಲಿಗ್ರಾಂ. ಪ್ರೋಟೀನಿನ ಗುಣ ನೋಡಿದರೂ ಅಷ್ಟೇ. ಲೈಸಿನ್ ಎಂಬ ಅಂಶ ಬಾದಾಮಿಯಲ್ಲಿ ಕಡಿಮೆ, ಕಾಳುಗಳಲ್ಲಿ ಚೆನ್ನಾಗಿದೆ.

ಮೊಳಕೆ ಬಂದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಅಂತ ಹೇಳುವವರೂ ಇದ್ದಾರೆ. ದಯವಿಟ್ಟು ನಂಬಬೇಡಿ. ಗಿಡವಾಗುವ ಆತುರದಲ್ಲಿ ಕಾಳು ತನ್ನ ಪಿಷ್ಟವನ್ನು ಖರ್ಚು ಮಾಡುತ್ತದೆ, ಹಾಗಾಗಿ ಒಣತೂಕದ ಲೆಕ್ಕದಲ್ಲಿ ಪ್ರೋಟೀನಿನ ಪಾಲು ಸ್ವಲ್ಪ ಹೆಚ್ಚಾಗಿ ಕಾಣುತ್ತದೆ ಅಷ್ಟೇ. ಮೊಳಕೆಯ ನಿಜವಾದ ಲಾಭ ಬೇರೆ. ಫೈಟಿಕ್ ಆಮ್ಲ ಅನ್ನುವುದು ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಕಾಳು ಮೊಳೆಯುವಾಗ ಅದನ್ನು ಒಡೆಯುವ ಕಿಣ್ವ ಚುರುಕಾಗುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ಮಾಡುವ ಸಕ್ಕರೆಗಳೂ ಕರಗುತ್ತವೆ. ಒಣ ಕಾಳಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವಷ್ಟಿದ್ದ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ, ಅದು ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ನಿಮಗೆ ಬೇಕಾಗಿರುವುದೂ ಅದೇ.

ಹಾಗಂತ ಬಾದಾಮಿಯನ್ನು ಬದಿಗಿಡಬೇಡಿ. ಆ ಒಂದು ಹಿಡಿಯಲ್ಲೇ ದಿನಕ್ಕೆ ಬೇಕಾದ ವಿಟಮಿನ್ ಇ ಅರ್ಧದಷ್ಟು ಸಿಗುತ್ತದೆ, ಮೊಳಕೆಯಲ್ಲಿ ಅದು ನೆಪಮಾತ್ರಕ್ಕೆ. ಅಕ್ರೋಟ್‌ನಲ್ಲಿ ಒಮೆಗಾ-3 ಕೊಬ್ಬು ಇದೆ, ಅದೂ ಮೊಳಕೆಯಿಂದ ಬರುವುದಿಲ್ಲ. ದಪ್ಪ ಆಗುತ್ತೇನೆ ಅಂತ ಹೆದರುವವರಿಗೂ ಒಂದು ಮಾತು. ಇಡೀ ಬಾದಾಮಿಯನ್ನು ಎಷ್ಟೇ ಅಗಿದರೂ ಕೊಬ್ಬಿನ ಒಂದು ಪಾಲು ಒಡೆಯದ ಚೂರುಗಳ ಒಳಗೇ ಉಳಿದು ಹೊರಗೆ ಹೋಗಿಬಿಡುತ್ತದೆ. ಪೊಟ್ಟಣದ ಮೇಲೆ ಬರೆದಷ್ಟು ಕ್ಯಾಲೊರಿ ಪೂರ್ತಿ ಮೈಗೆ ಸೇರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೂ ತಿನ್ನುತ್ತಿದ್ದೆ. ಆದರೆ ಕಬ್ಬಿಣದ ಭಾರವನ್ನು ಮಾತ್ರ ಇವೆರಡರ ಮೇಲೆ ಹೊರಿಸಬೇಡಿ, 10.4 ಇರುವಾಗ ಮಾತ್ರೆ ಬೇಕೇ ಬೇಕು. ಮೊಳಕೆಗೆ ನಿಂಬೆರಸ ಹಿಂಡಿಕೊಳ್ಳಿ. ಕಾಫಿ, ಟೀಯನ್ನು ಅದರ ಜೊತೆಗೆ ಬೇಡ, ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.

ಉತ್ತರ 3: ಸೂಕ್ಷ್ಮದರ್ಶಕ

ಮಗು ಬಟ್ಟಲಿಗೆ ಕೈ ಹಾಕುತ್ತಾಳೆ ಅಂದಿದ್ದಕ್ಕೆ ಬರೆಯಲೇಬೇಕು ಅನ್ನಿಸಿತು. ಹಸಿ ಮೊಳಕೆ ಮಕ್ಕಳಿಗೆ ಬೇಡವೇ ಬೇಡ. ಬಸುರಿಯರಿಗೂ, ವಯಸ್ಸಾದವರಿಗೂ ಬೇಡ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ರೋಗಾಣುಗಳಿಗೂ ಬೇಕಾಗಿರುವುದು. ಸಿಪ್ಪೆಯ ಬಿರುಕಿನಲ್ಲಿ ಕೂತಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹಬ್ಬಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಕಾಯಿಲೆ ಬಿದ್ದರು. ಹಬೆಯಲ್ಲಿ ಒಳಗಿನವರೆಗೂ ಬಿಸಿಯಾಗುವಂತೆ ಚೆನ್ನಾಗಿ ಬೇಯಿಸಿ. ಲೋಳೆ ಬಂದಿದ್ದರೆ, ಹುಳಿ ವಾಸನೆ ಹೊಡೆದರೆ ಸುಮ್ನೆ ಎಸೆಯಿರಿ.

ಇಡೀ ಬಾದಾಮಿಯನ್ನೂ ಮಗುವಿಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಐದು ವರ್ಷ ತುಂಬುವವರೆಗೆ ನುಣ್ಣಗೆ ಪುಡಿ ಮಾಡಿಯೇ ಕೊಡಿ.

ತಿಳಿಹಸಿರು

ಹಸಿ ಮೊಳಕೆಯ ವಿಷಯ ನಿಜವಾಗಲೂ ಗೊತ್ತಿರಲಿಲ್ಲ, ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಬೇಯಿಸಿದರೆ ವಿಟಮಿನ್ ಸಿ ಹೋಗುವುದಿಲ್ಲವಾ? ರಾಜ್ಮಾ ಕೂಡ ಮೊಳಕೆ ಕಟ್ಟಿ ಹೀಗೇ ತಿನ್ನಬಹುದಾ?

ಅಳತೆಬಟ್ಟಲು

ಸ್ವಲ್ಪ ಹೋಗುತ್ತದೆ, ಹೋಗಲಿ. ಬೆಂದ ಮೇಲೆ ಹಿಂಡುವ ನಿಂಬೆರಸ ಅದನ್ನು ತುಂಬಿಕೊಡುತ್ತದೆ. ಉಳಿದ ಲಾಭವೆಲ್ಲ ಹಾಗೇ ಇರುತ್ತದೆ.

ರಾಜ್ಮಾ ವಿಷಯದಲ್ಲಿ ಮಾತ್ರ ಹುಷಾರು. ಅದರಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿದೆ, ಮೊಳಕೆ ಬಂದ ಮಾತ್ರಕ್ಕೆ ಹೋಗುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿ ಪೂರ್ತಿ ಬೇಯಿಸಬೇಕು. ಬರೀ ಹಬೆಯಲ್ಲಿ ಬಾಡಿಸಿದರೆ ಸಾಲದು.

ಹೇಳಲು ಮರೆತಿದ್ದೆ. ನಟ್ಸ್‌ನಲ್ಲಾಗಲಿ ಮೊಳಕೆಯಲ್ಲಾಗಲಿ ವಿಟಮಿನ್ ಬಿ12 ಇಲ್ಲ. ನೀವು ಮೊಟ್ಟೆ, ಮಾಂಸ ತಿನ್ನುವುದಿಲ್ಲ ಅಂದಿರಿ, ಹಿಮೋಗ್ಲೋಬಿನ್ ಕಡಿಮೆಯಾಗಲು ಅದೂ ಒಂದು ಕಾರಣ ಇರಬಹುದು. ಮುಂದಿನ ಸಲ ಪರೀಕ್ಷೆಗೆ ರಕ್ತ ಕೊಡುವಾಗ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಜೊತೆ ಬಿ12 ಕೂಡ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.